ಸುಭಾಷ ಕೊಟ್ಟ ಆರು ಕಂಪ್ಯೂಟರುಗಳು

3 ನವೆಂಬರ್ 2025, ಸೋಮವಾರ. ಶಿರಸಿ

ಇದನ್ನು ಬರೆಯದೆ ಬಿಡುವುದರಲ್ಲಿದ್ದೆ: ಬೆಳಿಗ್ಗೆ ವರದಿಯ ಆರು ಸಾಲುಗಳನ್ನು ನೋಡಿದಾಗ ನನಗೆ ಸಂತೋಷವಾಯಿತು. ಆಮೇಲೆ ಅದಕ್ಕೆ ಆಶ್ಚರ್ಯ ಎಂದು ಹೆಸರಿಟ್ಟುಕೊಂಡು ಚಹಾ ಮಾಡಿಕೊಂಡೆ. ಆದರೆ ಮೊದಲು ಬಂದದ್ದು ಸಂತೋಷವೇ.

ಕಾಡುಹುಟ್ಟುವಳಿ ಸಹಕಾರ ಸಂಘಕ್ಕೆ ತೂಕದ ಪ್ರೋಗ್ರಾಂ ಬರೆದುಕೊಟ್ಟವಳು ನಾನು. ಜನ ಜೇನು, ಸೀಗೆ, ಮುರುಗಲು ಸಿಪ್ಪೆ ತರುತ್ತಾರೆ; ಚೀಲ ತಕ್ಕಡಿಯ ಮೇಲೆ ಕೂತ ಕೂಡಲೇ ತೂಕ ಕಂಪ್ಯೂಟರಿಗೆ ಹೋಗಿ ಚೀಟಿ ಹೊರಬರುತ್ತದೆ. ಶಿರಸಿ, ಕಾನಸೂರು, ಸಿದ್ದಾಪುರ, ದೊಡ್ಮನೆ, ಯಲ್ಲಾಪುರ, ಮಾಗೋಡು, ಒಟ್ಟು ಆರು ಕೇಂದ್ರ. ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ರಕ್ಷಣೆಯ ಅಪ್‌ಡೇಟ್ ನಿಂತಿತು. ಸಂಘದವರು ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತರಿಸಿದರು. ಆರನ್ನೂ ಕೊಟ್ಟವನು ಸುಭಾಷ.

ಐದು ವರ್ಷ ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ಕೆಲಸ ಮಾಡಿದವರು ನಾವು. ಯಂತ್ರ ಆತನದು, ಪ್ರೋಗ್ರಾಂ ನನ್ನದು. ಒಂದು ದಿನ ಗಿರಾಕಿಯೊಬ್ಬರ ಎದುರಿಗೆ ನಗುತ್ತಾ, "ನಮ್ಮ ಮೇಡಂದು ಕೆಲ್ಸ ನಿಧಾನ, ಇಂಗ್ಲಿಷ್ ಮಾತ್ರ ಜೋರು" ಎಂದ. ಪಾಲುದಾರಿಕೆ ಮುರಿದದ್ದು ಆ ಮಾತಿನಿಂದಲ್ಲ. ಆದರೆ ಮುರಿಯಲು ಕಾರಣವಾದ ಉಳಿದದ್ದೆಲ್ಲ ಈಗ ಮರೆತಿದೆ, ಇದೊಂದು ಉಳಿದಿದೆ.

ಕಾರ್ಯದರ್ಶಿ ಚೌಡ ನಾಯ್ಕರು ಹೋದ ವಾರ ಫೋನ್ ಮಾಡಿದ್ದರು. "ಆರು ಕಡೆ ತಿರುಗೂಕೆ ನಂಗೆ ಕಾಲಿಲ್ಲ ಮೇಡಂ. ಯಾವ್ದ್ರಲ್ಲಿ ಎಂತ ಇದೆ ಅಂತ ನಿಮ್ಮ ಪ್ರೋಗ್ರಾಮೇ ಹೇಳೂ ಹಂಗೆ ಮಾಡಿ." ಮಾಡಿದೆ. ಪ್ರೋಗ್ರಾಂ ಒಳಗಿನಿಂದ ವಿಂಡೋಸಿಗೆ ನೀನು ಯಾವ ಆವೃತ್ತಿ ಎಂದು ಕೇಳುವುದು ಹೊರಗಿನವರಿಗೆ ಕಾಣುವಷ್ಟು ಸರಳವಲ್ಲ. ಹಳೆಯ ಪ್ರೋಗ್ರಾಂ ಹಳೆಯ ರೀತಿಯಲ್ಲಿ ಕೇಳಿದರೆ ಅದು ತಾನು ವಿಂಡೋಸ್ 8 ಎಂದುಬಿಡುತ್ತದೆ. ಹೊಸ ಸಂಖ್ಯೆ ಕೇಳಿ ಹಳೆಯದು ಗಾಬರಿಬಿದ್ದು ನಿಲ್ಲಬಾರದು ಎಂಬ ಕಾಳಜಿ. ಈ ಸುಳ್ಳು ನನಗೆ ಗೊತ್ತಿತ್ತು. ಅದಕ್ಕೇ ಆ ದಾರಿ ಬಿಟ್ಟು, ವಿಂಡೋಸ್ ತನ್ನ ವಿವರಗಳನ್ನು ತಾನೇ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಗೇ ಹೋಗಿ ಹೆಸರನ್ನು ಓದಿಸಿದೆ.

ಆರು ಕೇಂದ್ರ. ಆರು ಸಾಲು. ಆರರಲ್ಲೂ "ವಿಂಡೋಸ್ 10 ಪ್ರೊ".

ಹಳೆಯ ಸ್ಟಾಕು ತಂದು ಹೊಸದೆಂದು ಕೊಟ್ಟಿದ್ದಾನೆ.

ಕಾನ್ವೆಂಟಿನಲ್ಲಿ ಓದಿದ ನಾನು ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಇದೆ. ಇಂಗ್ಲಿಷಿನಲ್ಲಿ ಬರೆದರೆ ನಾನು ಹೇಳಿದ್ದೆಲ್ಲ ಸರಿ ಎಂದೇ ಕೇಳಿಸುತ್ತದೆ.

5 ನವೆಂಬರ್, ಬುಧವಾರ

ವರದಿ ಕೊಟ್ಟೆ. ಕೊಡುವ ಮೊದಲು ಎರಡು ದಿನ ಇಟ್ಟುಕೊಂಡೆ, ದುಡುಕಿದೆ ಎಂದು ನನಗೆ ನಾನೇ ಹೇಳಿಕೊಳ್ಳುವಂತಾಗಬಾರದೆಂದು. ಆ ಎರಡು ದಿನ ಬೇರೇನೂ ಮಾಡಲಿಲ್ಲ, ಇಟ್ಟುಕೊಂಡೆ ಅಷ್ಟೆ.

ಚೌಡ ನಾಯ್ಕರು ಕನ್ನಡಕ ಹಣೆಗೇರಿಸಿದರು. "ಹೌದ್ರಾ ಮೇಡಂ! ಆರಕ್ಕೆ ಆರೂ?"

"ಪ್ರೋಗ್ರಾಂ ಹಾಗೆ ಹೇಳ್ತಿದೆ."

"ನಿಮ್ಮ ಪ್ರೋಗ್ರಾಂ ಹೇಳಿದ್ಮೇಲೆ ಮುಗೀತು. ಅದ್ಕೆ ಎಂತ, ಸುಭಾಷನ ಮೇಲೆ ದ್ವೇಷವಾ?" ಎಂದು ನಕ್ಕರು. ನಾನೂ ನಕ್ಕೆ. ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ವರದಿ ಸಂಘದ ವಾಟ್ಸಾಪ್ ಗುಂಪಿನಲ್ಲಿತ್ತು.

6 ನವೆಂಬರ್, ಗುರುವಾರ

ಸುಭಾಷನ ಫೋನ್ ಬಂತು. ಎರಡು ವರ್ಷದ ನಂತರ.

"ಎಂತದು ಅದು ನೀ ಬರ್ದು ಕೊಟ್ಟಿದ್ದು?"

"ನಾನು ಬರೆದದ್ದಲ್ಲ. ಪ್ರೋಗ್ರಾಂ ಓದಿದ್ದು."

"ನಿನ್ನ ಪ್ರೋಗ್ರಾಂಗೆ ನನ್ನ ಮೇಲೆ ಮೊದ್ಲಿಂದ್ಲೂ ಸಿಟ್ಟು ಬಿಡು. ಆರೂ ಹನ್ನೊಂದೇಯಾ ಪರಿಮಳಾ. ಡಬ್ಬಿ ಒಡ್ದಿದ್ದು ನಾನು, ಹಚ್ಚಿದ್ದು ನಾನು."

"ಹಾಗಾದ್ರೆ ಬರಹದಲ್ಲಿ ಉತ್ತರ ಕೊಡು."

"ಬರಹದಲ್ಲಿ! ಹೌದೌದು, ನಿಂಗೆ ಮನುಷ್ಯರು ಎದುರಿಗೆ ನಿಂತು ಹೇಳಿದ್ರೆ ತಿಳಿಯೂದಿಲ್ಲ ಅಲ್ದಾ. ಒಂದು ಬಸ್ ಹತ್ತಿ ಹೋಗಿ ಕಣ್ಣಲ್ಲಿ ನೋಡೂಕೆ ಎಂತ ರೋಗ ನಿಂಗೆ?"

ಫೋನ್ ಇಟ್ಟುಬಿಟ್ಟ. ನಾನು ಧ್ವನಿ ಏರಿಸಲಿಲ್ಲ. ಅದನ್ನು ಇಲ್ಲಿ ಬರೆದಿಡುತ್ತೇನೆ.

9 ನವೆಂಬರ್, ಭಾನುವಾರ

ಅವ್ವ ವಿಷಯ ಕೇಳಿದ್ದಾಳೆ. ಊರಿನಲ್ಲಿ ನಮ್ಮವ್ವ ದ್ಯಾವಮ್ಮನ ಕಿವಿಗೆ ಬೀಳದ ವಿಷಯವಿಲ್ಲ.

"ಆ ಸುಭಾಷಂಗೆ ಕಳ್ಳ ಅಂದ್ಯಂತಲ್ಲೇ?"

"ನಾನು ಆ ಮಾತು ಹೇಳಿಲ್ಲ."

"ಮತ್ತೆಂತ ಹೇಳ್ದೆ? ಅಂವಂಗೆ ಕದಿಯೂಕೆ ಬರೂದಿಲ್ಲ ಮಾರಾಯ್ತಿ. ಬಂದಿದ್ರೆ ಇಷ್ಟೊತ್ತಿಗೆ ಅಂಗಡಿ ಮೇಲೆ ಎರಡು ಮಾಳಿಗೆ ಏಳ್ತಿತ್ತು. ನಮ್ಮ ಟೀವಿ ರಿಪೇರಿಗೆ ಬಂದಂವ ತನ್ನ ಇಸ್ಕ್ರೂ ಡ್ರೈವರೇ ಬಿಟ್ಟು ಹೋಗ್ತಿದ್ದ."

"ಅವ್ವ, ಇದು ತಾಂತ್ರಿಕ ವಿಷಯ."

"ಆಗ್ಲಿ ಬಿಡು. ಕಳ್ಳತನಕ್ಕೂ ಈಗ ಇಂಗ್ಲಿಷ್ ಬಂತು."

ಅವಳು ಆತನನ್ನು ಇಷ್ಟಪಡುತ್ತಾಳೆ. ಇಷ್ಟಪಡುವವರು ನೋಡುವ ಕಣ್ಣೇ ಬೇರೆ. ನನಗೆ ಆ ತೊಂದರೆ ಇಲ್ಲ.

13 ನವೆಂಬರ್, ಗುರುವಾರ. ದೊಡ್ಮನೆ

ಕಣ್ಣಲ್ಲಿ ನೋಡಬೇಕು ಎಂದನಲ್ಲ, ಹೋದೆ. ಸಿದ್ದಾಪುರಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು. ದೊಡ್ಮನೆ ಕೇಂದ್ರ ನೋಡಿಕೊಳ್ಳುವವರು ಕೆರಿಯಣ್ಣ. ಒಳಗೆಲ್ಲ ಮಳೆಗಾಲದ ಮುರುಗಲು ಸಿಪ್ಪೆಯ ಹುಳಿವಾಸನೆ. ಕರೆಂಟ್ ಇರಲಿಲ್ಲ. ಯುಪಿಎಸ್ ಕೂಗುತ್ತಿತ್ತು.

"ಬೇಗ ನೋಡ್ಕಳಿ ಮೇಡಂ, ಇದು ಈಗ ಸಾಯ್ತದೆ."

ಕೇಂದ್ರಗಳಲ್ಲಿ ಕಂಪ್ಯೂಟರ್ ಹಚ್ಚಿದ ಕೂಡಲೇ ನನ್ನ ಪ್ರೋಗ್ರಾಂ ಇಡೀ ಪರದೆ ತುಂಬಿಕೊಂಡು ತೆರೆಯುತ್ತದೆ. ಬೇರೇನೂ ಕಾಣಿಸುವುದಿಲ್ಲ. ಹಾಗೆ ಮಾಡಿದವಳು ನಾನೇ. ಇಲ್ಲದಿದ್ದರೆ ಇವರು ತೂಕ ಬಿಟ್ಟು ಯಕ್ಷಗಾನ ನೋಡುತ್ತಾ ಕೂರುತ್ತಿದ್ದರು. ನನ್ನ ಪಾಸ್‌ವರ್ಡ್ ಕೊಟ್ಟು ಅದನ್ನು ಬದಿಗೆ ಸರಿಸಿದೆ. ಎಡಮೂಲೆಯಲ್ಲಿ ಸ್ಟಾರ್ಟ್ ಗುಂಡಿ, ಹಳೆಯ ಕಾಲದ ಮೆನು, ಹಳೆಯ ನೀಲಿ ಪಟ್ಟಿ. ಹನ್ನೊಂದರಲ್ಲಿ ಇವೆಲ್ಲ ನಡುವಿಗೆ ಬಂದಿರುತ್ತವೆ. ನೋಡಿದೆ, ಅಷ್ಟರಲ್ಲಿ ಯುಪಿಎಸ್ ಸತ್ತಿತು.

"ಹಳೇದೇ ಇದ್ದ ಹಂಗೆ ಇದೆ ಅಲ್ವಾ ಕೆರಿಯಣ್ಣ?"

"ಹೌದು. ಹಂಗೇ ಇದೆ. ಅದ್ಕೇ ನಂಗೆ ಬೇಷಾತು."

ಅಲ್ಲಿಗೆ ಮುಗಿಯಿತು. ಕರೆಂಟ್ ಬರುವವರೆಗೆ ಕಾಯಬಹುದಿತ್ತು, ಆವೃತ್ತಿ ತೋರಿಸುವ ಕಿಟಕಿ ತೆರೆದು ಖಾತ್ರಿ ಮಾಡಿಕೊಳ್ಳಬಹುದಿತ್ತು. ಹಿಂದಿರುಗುವ ಬಸ್ಸು ಒಂದೇ ಇತ್ತು. ಪ್ರೋಗ್ರಾಂ ಹೇಳಿತ್ತು, ಕಣ್ಣೂ ನೋಡಿತು. ಮೂರನೆಯ ಸಾಕ್ಷಿ ಯಾಕೆ?

17 ನವೆಂಬರ್, ಸೋಮವಾರ

ಸುಭಾಷನ ಅಂಗಡಿಯ ಎದುರು ಬಸ್ಸು ನಿಂತಿತು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಯಾವುದೋ ಶಾಲೆಯವರು ಲ್ಯಾಬಿನ ಕೆಲಸ ವಾಪಸು ತೆಗೆದುಕೊಂಡರಂತೆ. ನಾನು ಇನ್ನೊಂದು ಬದಿಗೆ ನೋಡಿದೆ.

21 ನವೆಂಬರ್, ಶುಕ್ರವಾರ

ಸಂಘದ ಕಚೇರಿಯಲ್ಲಿ ವಿಚಾರಣೆ. ನಿರ್ದೇಶಕರು ನಾಲ್ಕು ಜನ. ಅವರಲ್ಲಿ ಯಲ್ಲಾಪುರದ ಅಬ್ದುಲ್ ರಜಾಕರು ಸಂಘದ ಮಾಲು ಸಾಗಿಸುವ ಲಾರಿಗಳ ಮಾಲೀಕರು. ಸುಭಾಷ ಒಬ್ಬನೇ ಬಂದಿದ್ದ, ಅಂಗಿಗೆ ಇಸ್ತ್ರಿ ಹಾಕಿಕೊಂಡು.

"ಎಂತಕ್ಕೆ ಇಷ್ಟೆಲ್ಲ ಮಾತು?" ಎಂದ. "ಈಗ್ಲೇ ನಡೀರಿ, ಯಾವ ಕೇಂದ್ರಕ್ಕೆ ಬೇಕಾದ್ರೂ. ಕಾನಸೂರು ಹತ್ರ ಇದೆ. ಹಚ್ಚಿ ನೋಡೂಣ."

ನಿರ್ದೇಶಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಚಪ್ಪಲಿಯನ್ನೂ ಹಾಕಿಕೊಂಡರು. ಆಗ ನಾನು ಬಾಯಿ ತೆರೆದೆ.

"ಈಗ ನೋಡಿ ಪ್ರಯೋಜನ ಇಲ್ಲ. ಹತ್ತನ್ನು ಹನ್ನೊಂದಕ್ಕೆ ಏರಿಸೋದು ಒಂದು ಮಧ್ಯಾಹ್ನದ ಕೆಲಸ. ವರದಿ ಬಂದು ಎರಡು ವಾರ ಆಯ್ತು. ಇಷ್ಟರಲ್ಲಿ ಬದಲಾಯಿಸಿರಬಹುದು. ನವೆಂಬರ್ ಮೂರಕ್ಕೆ ಏನಿತ್ತು ಅನ್ನೋದಷ್ಟೇ ಲೆಕ್ಕಕ್ಕೆ ಬರೋದು."

ಚಪ್ಪಲಿ ಹಾಕಿಕೊಂಡವರು ಮತ್ತೆ ಕಳಚಿದರು. ರಜಾಕರು ತಲೆ ಕೆರೆದುಕೊಂಡರು. "ಅಂದ್ರ ಮೇಡಂ, ಅವ ಖರೇನ ಕೊಟ್ಟಿದ್ರೂ ತೋರ್ಸಾಕ ದಾರಿ ಇಲ್ಲ ಅಂದಂಗಾತಲ್ರಿ?"

"ಪ್ರೋಗ್ರಾಂ ಹೇಳಿದ್ದನ್ನು ಹೇಳ್ತಿದ್ದೇನೆ ಅಷ್ಟೆ."

ಸುಭಾಷ ನನ್ನ ಕಡೆ ತಿರುಗಿದ. "ಕಾನ್ವೆಂಟಿನವರಿಗೆ ಕತ್ತಿ ಬೇಡ ನೋಡಿ. ಇಷ್ಟು ಸಣ್ಣ ದನಿ ಸಾಕು."

ಡಿಸೆಂಬರ್ ಹದಿನೇಳಕ್ಕೆ ಆಡಳಿತ ಮಂಡಳಿ ಸಭೆ. ಅಂದು ಆತನನ್ನು ಕಪ್ಪುಪಟ್ಟಿಗೆ ಸೇರಿಸುವುದು, ಪೊಲೀಸಿಗೆ ದೂರು ಕೊಡುವುದು ಎರಡೂ ತೀರ್ಮಾನವಾಗುತ್ತವೆ. ಮೂರು ತಾಲೂಕಿನಲ್ಲಿ ಸಹಕಾರ ಸಂಘಗಳನ್ನು ಬಿಟ್ಟರೆ ಆತನಿಗೆ ದೊಡ್ಡ ಗಿರಾಕಿ ಇಲ್ಲ. ಒಂದು ಸಂಘದ ಕಪ್ಪುಪಟ್ಟಿ ಎಂದರೆ ಎಲ್ಲದರದ್ದೂ.

ನನ್ನ ವಾದ ಚೆನ್ನಾಗಿತ್ತು. ಮನೆಗೆ ಬಂದಮೇಲೂ ಅದರಲ್ಲಿ ತೂತು ಸಿಗಲಿಲ್ಲ.

29 ನವೆಂಬರ್, ಶನಿವಾರ

ಏನನ್ನು ಮೊದಲು ಬರೆಯಲಿ ತಿಳಿಯುತ್ತಿಲ್ಲ.

ಮಧ್ಯಾಹ್ನ ಚೀಟಿಯ ಅಕ್ಷರ ಸಣ್ಣದು ಮಾಡುವ ಕೆಲಸವಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಓಡಿಸಿ ನೋಡುತ್ತಿದ್ದೆ. ಓಡಿಸಿದ್ದರಿಂದ ಅದೂ ವರದಿಗೆ ಸೇರಿಕೊಂಡಿತು, ಏಳನೆಯ ಸಾಲಾಗಿ. ಈ ಲ್ಯಾಪ್‌ಟಾಪ್ ಜೂನಿನಲ್ಲಿ ಹುಬ್ಬಳ್ಳಿಯಿಂದ ತಂದದ್ದು. ಡಬ್ಬಿಯ ಮೇಲೆ ಹನ್ನೊಂದು, ಬಿಲ್ಲಿನಲ್ಲಿ ಹನ್ನೊಂದು, ಪರದೆಯಲ್ಲಿ ಹನ್ನೊಂದು. ಏಳನೆಯ ಸಾಲು ಹೇಳುತ್ತಿತ್ತು: "ವಿಂಡೋಸ್ 10 ಪ್ರೊ".

ಮತ್ತೆ ಓಡಿಸಿದೆ. ಯಂತ್ರ ಆರಿಸಿ ಹಚ್ಚಿ ಓಡಿಸಿದೆ. ಕೊನೆಗೆ ಕೈಯಿಂದಲೇ ರಿಜಿಸ್ಟ್ರಿ ತೆರೆದು ಆ ಜಾಗ ನೋಡಿದೆ. ಅಲ್ಲಿ ಹಾಗೇ ಇತ್ತು. ವಿಂಡೋಸ್ 11ರಲ್ಲೂ ಹೆಸರಿನ ಆ ಜಾಗದಲ್ಲಿ ಹತ್ತು ಎಂದೇ ಬಿಟ್ಟಿದ್ದಾರೆ. ಬಹುಶಃ ಅದನ್ನು ಓದುವ ಹಳೆಯ ಪ್ರೋಗ್ರಾಂಗಳು ಕೆಡದಿರಲಿ ಎಂದು. ನಿಜ ಗುರುತು ಪ್ರತಿ ಆವೃತ್ತಿಗೂ ಬೇರೆ ಬೇರೆ ಕೊಡುವ ಬಿಲ್ಡ್ ಸಂಖ್ಯೆಯಲ್ಲಿದೆ. ಇಪ್ಪತ್ತೆರಡು ಸಾವಿರ ಅಥವಾ ಅದಕ್ಕೂ ಮೇಲಿದ್ದರೆ ಹನ್ನೊಂದು. ಇದು ಗುಟ್ಟೇನಲ್ಲ. ನನ್ನ ಕೆಲಸದವರೆಲ್ಲ ಎಲ್ಲೋ ಒಂದು ಕಡೆ ಓದಿರುವ ವಿಷಯ. ಒಂದು ಸುಳ್ಳನ್ನು ಹಿಡಿದಿದ್ದೆನಲ್ಲ, ಇನ್ನೊಂದು ಇರಬಹುದು ಎಂದು ನನಗೆ ಹೊಳೆಯಲಿಲ್ಲ.

ಪ್ರೋಗ್ರಾಂ ಬಿಲ್ಡ್ ಸಂಖ್ಯೆಯನ್ನೂ ತಂದಿಟ್ಟಿತ್ತು. ವರದಿ ಒಂದೇ ಪುಟದಲ್ಲಿ ಹಿಡಿಸಬೇಕೆಂದು ಆ ಕಾಲಂ ಮುಚ್ಚಿದವಳು ನಾನು. ತೆರೆದೆ. ನವೆಂಬರ್ ಮೂರು, ಆರು ಕೇಂದ್ರ, ಆರರಲ್ಲೂ 26100.

ಆರೂ ಹನ್ನೊಂದೇ.

ಸಮಾಧಾನವಾಗಬೇಕಿತ್ತು. ಸಿಟ್ಟು ಬಂತು. ಮೊದಲು ವಿಂಡೋಸಿನ ಮೇಲೆ, ಆಮೇಲೆ ಆತನ ಮೇಲೆ. ಹನ್ನೊಂದೇ ಆಗಿದ್ದರೆ ದೊಡ್ಮನೆಯಲ್ಲಿ ಹಳೆಯ ವೇಷ ಯಾಕೆ ಹಾಕಿದ? ಅದಕ್ಕೆ ಬೇರೆ ಸಾಫ್ಟ್‌ವೇರ್ ಹಾಕಿರಬೇಕು. ಹಾಕುವಾಗ ನನಗೆ ಹೇಳಬಾರದಿತ್ತೇ? ಸಭೆಯಲ್ಲಿ ಬಾಯಿಮಾಡುವ ಬದಲು ಬಿಲ್ಡ್ ಸಂಖ್ಯೆ ನೋಡು ಎಂದು ಒಂದು ಮಾತು ಹೇಳಬಾರದಿತ್ತೇ?

ಅವ್ವ ಊಟಕ್ಕೆ ಕರೆದಳು. ಹಸಿವಿಲ್ಲ ಎಂದೆ.

1 ಡಿಸೆಂಬರ್, ಸೋಮವಾರ

ಸರಿಪಡಿಸಿದೆ. ಹೆಸರನ್ನು ಬಿಟ್ಟು ಬಿಲ್ಡ್ ಸಂಖ್ಯೆ ನೋಡುವಂತೆ ಒಂದು ಸಾಲು ಬದಲಾಯಿಸಿ ಆರೂ ಕೇಂದ್ರಗಳಿಗೆ ಅಪ್‌ಡೇಟ್ ಕಳಿಸಿದೆ. ಅಪ್‌ಡೇಟಿನ ವಿವರದಲ್ಲಿ "ಸಣ್ಣಪುಟ್ಟ ಸುಧಾರಣೆಗಳು" ಎಂದು ಹಾಕಿದ್ದೇನೆ. ಇನ್ನು ವರದಿ ತಾನೇ ಸರಿ ಹೇಳುತ್ತದೆ. ಸಂಘದವರು ನೋಡಿ ಸುಮ್ಮನಾಗುತ್ತಾರೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ತಪ್ಪು ಸರಿಮಾಡುವುದು ಎಂದರೆ ಇದೇ ಅಲ್ಲವೇ?

4 ಡಿಸೆಂಬರ್, ಗುರುವಾರ

ಚೌಡ ನಾಯ್ಕರ ಫೋನು. ಇಷ್ಟು ಖುಷಿಯಲ್ಲಿ ಅವರನ್ನು ನಾನು ಕೇಳಿಯೇ ಇಲ್ಲ.

"ಮೇಡಂ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು! ಇವತ್ತಿನ ವರದಿ ನೋಡಿದ್ರಾ? ಆರೂ ಹನ್ನೊಂದು! ಸಿಕ್ಕಿಬಿದ್ದ. ರಾತ್ರೋರಾತ್ರಿ ಬದ್ಲಾಯ್ಸಿದಾನೆ!"

"ನಾಯ್ಕರೇ, ಅದು ಹಾಗಲ್ಲ. ಮೊದಲಿನ ವರದಿಯೇ ತಪ್ಪು. ಪ್ರೋಗ್ರಾಂ ಓದಿದ ಜಾಗದಲ್ಲಿ…" ಇಲ್ಲಿ ನಿಂತೆ. "ನಾನು ತಪ್ಪು ಜಾಗದಲ್ಲಿ ಓದಿದ್ದೆ. ಅವು ಮೊದಲಿಂದಲೂ ಹನ್ನೊಂದೇ."

ಅವರ ಧ್ವನಿ ತಗ್ಗಿತು.

"ಮೇಡಂ, ಅವತ್ತು ನಾಲ್ಕು ಜನರ ಎದುರಿಗೆ ಹೇಳಿದ್ಯಾರು? ಬದ್ಲಾಯ್ಸಿರಬಹುದು, ಮೂರನೇ ತಾರೀಖಿಗೆ ಇದ್ದಿದ್ದೇ ಲೆಕ್ಕ ಅಂತ? ಈಗ ಅಂವ ಬದ್ಲಾಯ್ಸಿದ್ಮೇಲೆ ನೀವು ಅಲ್ಲ ಅಂದ್ರೆ ಜನ ಎಂತ ತಿಳ್ಕಳ್ತಾರೆ? ಹಳೇ ಪಾಲುದಾರ, ಒಳಗಿಂದೊಳಗೆ ಮಾತಾಡ್ಕಂಡ್ರು ಅಂತಾರೆ."

"ನನ್ನ ಹತ್ರ ಬಿಲ್ಡ್ ಸಂಖ್ಯೆ ಇದೆ."

"ಇಟ್ಕಳಿ. ಏಪ್ರಿಲ್‌ಗೆ ನಿಮ್ಮ ಕರಾರು ಮುಗೀತದೆ, ನೆನಪಿದೆ ಅಲ್ದಾ? ಮುಂದಿನ ಮಿಷನ್ನು ಹುಬ್ಬಳ್ಳಿಯ ನಮ್ಮ ಭಾವನ ಮಗನ ಹತ್ರ ತರ್ಸೂದು ಅಂತ ಆಗಿದೆ. ಪ್ರೋಗ್ರಾಂ ನಿಮ್ದೇ ಇರ್ಲಿ ಅಂತ ನಂಗೆ ಆಸೆ."

ನಾನು ಗುಟ್ಟಾಗಿ ತಿದ್ದಿದ್ದರಿಂದಲೇ ಸುಭಾಷನ ಕುತ್ತಿಗೆಗೆ ಇನ್ನೊಂದು ಸುತ್ತು ಹಗ್ಗ ಬಿತ್ತು. ತಿದ್ದದೆ ಬಿಟ್ಟಿದ್ದರೆ ಕೊನೇಪಕ್ಷ ಒಂದೇ ಸುತ್ತು ಇರುತ್ತಿತ್ತು.

6 ಡಿಸೆಂಬರ್, ಶನಿವಾರ

ಅವನ ಅಂಗಡಿಗೆ ಹೋದೆ. ಗಲ್ಲಾದಲ್ಲಿ ಅವನ ಹೆಂಡತಿ ಸೌಮ್ಯ ಕೂತಿದ್ದಳು. ಸುಭಾಷ ನೆಲದ ಮೇಲೆ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದ, ಎದ್ದೇಳಲಿಲ್ಲ.

"ಇವ್ರಿಗೆ ಟೀ ಕೊಡೂದಾ ಬೇಡ್ದಾ, ನೀವೇ ಹೇಳಿ" ಎಂದು ಸೌಮ್ಯ ಅವನನ್ನು ಕೇಳಿದಳು, ನಾನು ಅಲ್ಲಿ ಇಲ್ಲವೆಂಬಂತೆ.

"ಮೊದ್ಲು ಬಂದಿದ್ದೆಂತಕ್ಕೆ ಕೇಳು."

ಹೇಳಿದೆ. ಹೆಸರು, ಬಿಲ್ಡ್ ಸಂಖ್ಯೆ, ಮುಚ್ಚಿದ ಕಾಲಂ, ಒಂದನೇ ತಾರೀಖಿನ ಅಪ್‌ಡೇಟ್. ಎಲ್ಲ ಹೇಳಿದೆ. ಅವನು ಸ್ಕ್ರೂಗಳನ್ನು ಒಂದು ಮುಚ್ಚಳದಲ್ಲಿ ಹಾಕುತ್ತಲೇ ಇದ್ದ.

"ಮುಗೀತಾ?"

"ದೊಡ್ಮನೆಯಲ್ಲಿ ಹಳೆಯ ಮೆನು ಯಾಕೆ ಹಾಕಿದೆ?" ಎಂದೆ. ಕೇಳಬಾರದಿತ್ತು.

ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟ. "ಕೆರಿಯಣ್ಣಂಗೆ ಹೊಸಾದು ನೋಡಿ ಕೈ ನಡುಗ್ತು. ಸ್ಟಾರ್ಟು ಎಡಕ್ಕೇ ಇರ್ಲಿ ತಮ್ಮಾ ಅಂದ. ಒಂದು ದಿನ ಕೂತು ಆರಕ್ಕೂ ಹಳೇ ಅಂಗಿ ತೊಡ್ಸಿದೆ. ಒಂದು ಪೈಸೆ ತಗಳ್ಲಿಲ್ಲ. ನಿಂಗೆ ಅದ್ರಲ್ಲೂ ಕಳ್ತನ ಕಂಡ್ತು. ಕೆರಿಯಣ್ಣನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದ. ನೀ ಕೇಳೂದು ಮಿಷನ್ನ ಮಾತ್ರ."

"ಕ್ಷಮಿಸು."

"ಅದನ್ನ ನಿನ್ನ ಹತ್ರವೇ ಇಟ್ಕ. ಬಾಯಲ್ಲಿ ಹೇಳಿದ್ದು ಈ ಬಾಗ್ಲು ದಾಟೂದಿಲ್ಲ. ನೀ ನನ್ನ ಮೇಲೆ ಹಾಕಿದ್ದು ಬರಹದಲ್ಲಿ, ತೆಗೆಯೂದೂ ಬರಹದಲ್ಲೇ ಆಗ್ಬೇಕು. ಹದಿನೇಳರೊಳಗೆ. ಇಲ್ದಿದ್ರೆ ಇನ್ನು ಈ ಮೆಟ್ಲು ಹತ್ತಬೇಡ."

"ಬರೆದರೆ ನನ್ನ ಕರಾರು ಹೋಗುತ್ತೆ."

"ಹೋಗ್ಲಿ" ಎಂದಳು ಸೌಮ್ಯ.

ಟೀ ಬರಲಿಲ್ಲ. ಅವನನ್ನು ನಾನು ಇವತ್ತೂ ಇಷ್ಟಪಡಲಾರೆ. ಮಾತಿನಲ್ಲಿ ಮುಳ್ಳಿಲ್ಲದೆ ಒಂದು ವಾಕ್ಯ ಆಡಲು ಅವನಿಗೆ ಬರುವುದೇ ಇಲ್ಲ. ನನ್ನ ಕೆಲಸ ನಿಧಾನ ಎಂದದ್ದಕ್ಕೆ ಅವನು ಇಂದಿಗೂ ಬೇಸರಪಟ್ಟಿಲ್ಲ. ಇವೆಲ್ಲ ಒಂದು ಕಡೆ. ಬಿಲ್ಡ್ ಸಂಖ್ಯೆ ಇನ್ನೊಂದು ಕಡೆ.

9 ಡಿಸೆಂಬರ್, ಮಂಗಳವಾರ

ಪತ್ರ ಬರೆದುಕೊಂಡು ಸಂಘಕ್ಕೆ ಹೋದೆ. ಚೌಡ ನಾಯ್ಕರು ಎರಡು ಬೆರಳಿನಿಂದ ಅದನ್ನು ನನ್ನ ಕಡೆಗೇ ತಳ್ಳಿದರು.

"ಕೈಯಲ್ಲಿ ಕೊಟ್ರೆ ನಾನು ತಗಳೂದಿಲ್ಲ ಮೇಡಂ. ಮನೆಗೆ ಹೋಗಿ, ತಂಪಾಗಿ ಒಂದು ವಾರ ಯೋಚ್ನೆ ಮಾಡಿ."

"ಒಂದು ವಾರ ಆದ್ರೆ ಸಭೆ ಬಂದುಬಿಡುತ್ತೆ."

"ಅದ್ಕೇ ಹೇಳಿದ್ದು."

ಕೆಳಗೆ ರಸ್ತೆಯಲ್ಲಿ ರಜಾಕರು ಲಾರಿಗೆ ಚೀಲ ಹೇರಿಸುತ್ತಿದ್ದರು. ಕೈಯಲ್ಲಿದ್ದ ಕಾಗದ, ನನ್ನ ಮುಖ ನೋಡಿ ಕರೆದರು. "ಬರ್ರಿ ಮೇಡಂ. ತಗೊಳ್ಲಿಲ್ಲ ಹೌದಿಲ್ಲೋ?"

ಪತ್ರ ಕೊಟ್ಟೆ. ಲಾರಿಯ ಬಾನೆಟ್ಟಿಗೆ ಒರಗಿ ಪೂರ್ತಿ ಓದಿದರು. ಮಧ್ಯದಲ್ಲಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಓದಿದರು.

"ಅವತ್ತ ಇದನ್ನ ಹೇಳಿದ್ರ ಹತ್ತು ನಿಮಿಷದ ಕೆಲಸಿತ್ತು."

"ಅವತ್ತು ನನಗೆ ಗೊತ್ತಿರಲಿಲ್ಲ."

"ಗೊತ್ತಿಲ್ಲ ಅಂತರ ಹೇಳಬಹುದಿತ್ತಲ್ರಿ." ಪತ್ರ ಮಡಚಿ ವಾಪಸು ಕೊಟ್ಟರು. "ಇರ್ಲಿ. ಇದನ್ನ ಟಪಾಲಿಗೆ ಹಾಕ್ರಿ. ಅಧ್ಯಕ್ಷರ ಹೆಸರಿಗೆ, ಸಹಿ ತಗೊಂಡು ಕೊಡೂ ಟಪಾಲು. ಸಹಿ ಆದ ಕಾಗದಕ್ಕ ಬಂದ ಟಪಾಲಿನ ವಹಿಯಾಗ ಆವಕ ನಂಬರ್ ಬೀಳಬೇಕು. ಆವಕ ಬಿದ್ದ ಕಾಗದ ಸಭೆಯಾಗ ಎದ್ದು ನಿಂತು ಓದಬೇಕು. ನಮ್ಮ ಸಂಘ ಹುಟ್ಟಿದಾಗಿಂದ ನಡಕೊಂಡು ಬಂದ ಪದ್ಧತಿ, ಯಾವ ಕಾರ್ಯದರ್ಶಿನೂ ಮುರಿದಿಲ್ಲ. ಕೈಯಾಗ ಕೊಟ್ಟಿದ್ದು ಡ್ರಾವರಿನಾಗ ಸಾಯತೈತಿ. ನಾಳೆ ಕೇಳಿದ್ರ ಕಾಗದ ಬಂದೇ ಇಲ್ಲ ಅನ್ನಾಕ ಅವ ಕೈಯಾಗ ತಗೊಳ್ಳಂಗಿಲ್ಲ, ಹರಿದೂ ಹಾಕಂಗಿಲ್ಲ. ಶ್ಯಾಣ್ಯಾ ಅದಾನ."

"ಓದಿದರೆ?"

"ಓದಿದ್ರ ಸುಭಾಷ ಉಳೀತಾನ. ನೀವು ಉಳಿಯಾಂಗಿಲ್ಲ. ಬರೇ ನಮ್ಮ ಸಂಘದಾಗ ಅಲ್ಲ, ಉಳಿದವರೂ ಕೇಳ್ತಾರ, ಈ ಮೇಡಂ ಪ್ರೋಗ್ರಾಂ ತೂಕನಾದ್ರೂ ಖರೆ ಹೇಳತೈತೋ ಇಲ್ಲೋ ಅಂತ. ಸುಳ್ಳು ಯಾಕ ಹೇಳ್ಲಿ ನಿಮಗ."

ಅವರು ಹೇಳಿದ್ದು ಬೆದರಿಕೆಯಾಗಿರಲಿಲ್ಲ. ಆದರೂ ನನಗೆ ಅವರ ಮೇಲೂ ಸಿಟ್ಟು ಬಂತು.

11 ಡಿಸೆಂಬರ್, ಗುರುವಾರ

ಬೆಳಿಗ್ಗೆ ಚೌಡ ನಾಯ್ಕರು ಕರಾರಿನ ಹೊಸ ಕರಡು ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಮೂರು ವರ್ಷಕ್ಕೆ. ಕೆಳಗೆ ಕೈಮುಗಿದ ಚಿತ್ರ. ಉತ್ತರ ಬರೆದಿಲ್ಲ.

ಪತ್ರ ಮತ್ತೆ ಬರೆದೆ. ಮಂಗಳವಾರ ಒಯ್ದದ್ದನ್ನು ಓದಿ ನೋಡಿದರೆ ಅರ್ಧ ಪುಟ ವಿಂಡೋಸಿನ ಮೇಲೆ ದೂರು. ಅದು ಹೇಗೆ ಹಳೆಯ ಹೆಸರು ಹೇಳುತ್ತದೆ, ಎಂಥೆಂಥವರು ಅದರಿಂದ ಮೋಸಹೋಗಿದ್ದಾರೆ ಎಂಬ ಪಾಠ. ಓದಿದವರಿಗೆ ನನ್ನ ಮೇಲೆ ಕನಿಕರ ಹುಟ್ಟಬೇಕು, ಹಾಗೆ ಬರೆದಿದ್ದೆ. ಅದನ್ನು ತೆಗೆದೆ. ಮುಂದಿನದರಲ್ಲಿ "ವರದಿಯಲ್ಲಿ ದೋಷ ಉಂಟಾಗಿರುವುದು ಕಂಡುಬಂದಿದೆ" ಎಂದಿತ್ತು. ದೋಷ ತಾನೇ ಉಂಟಾಗಿ, ತಾನೇ ಕಂಡುಬಂದಂತೆ. ಅದನ್ನೂ ತೆಗೆದೆ.

ಈಗ ಹೀಗಿದೆ:

"ಸುಭಾಷ ಅವರು ಒದಗಿಸಿದ ಆರು ಕಂಪ್ಯೂಟರುಗಳಲ್ಲಿ 3 ನವೆಂಬರ್ 2025ರಂದು ವಿಂಡೋಸ್ 11 ಇತ್ತು. ಇಲ್ಲವೆಂದು ನಾನು ಹೇಳಿದ್ದು ತಪ್ಪು. ಅಂದೇ ದಾಖಲಾದ ಬಿಲ್ಡ್ ಸಂಖ್ಯೆಗಳನ್ನು ಲಗತ್ತಿಸಿದ್ದೇನೆ. ಯಾರಿಂದ ಬೇಕಾದರೂ ಪರೀಕ್ಷೆ ಮಾಡಿಸಬಹುದು. ನವೆಂಬರ್ 21ರಂದು ಅವರು ಯಂತ್ರ ತೋರಿಸುತ್ತೇನೆ ಎಂದಾಗ ತಡೆದವಳು ನಾನು. 4 ಡಿಸೆಂಬರ್ ವರದಿಯಲ್ಲಿ ಕಂಡ ಬದಲಾವಣೆ ಅವರು ಮಾಡಿದ್ದಲ್ಲ. ಡಿಸೆಂಬರ್ 1ರಂದು ಯಾರಿಗೂ ತಿಳಿಸದೆ ಪ್ರೋಗ್ರಾಂ ತಿದ್ದಿದವಳು ನಾನು."

ಕೊನೆಯ ವಾಕ್ಯವನ್ನು ಮೂರು ಸಲ ಅಳಿಸಿದೆ. ಅದಿಲ್ಲದಿದ್ದರೆ ಪತ್ರ ನಡೆಯುವುದಿಲ್ಲ. ಅದೊಂದನ್ನು ಬಿಟ್ಟರೆ, ಅವನೇ ಬದಲಾಯಿಸಿದ ಎಂದು ಇನ್ನೂ ಹೇಳಬಹುದು.

ಅವನು ಪ್ರಾಮಾಣಿಕ ಎಂದು ಎಲ್ಲೂ ಬರೆದಿಲ್ಲ. ನನಗೆ ಗೊತ್ತಿರುವುದು ಆರು ಯಂತ್ರಗಳ ವಿಷಯ ಮಾತ್ರ, ಅಷ್ಟನ್ನು ಬರೆದಿದ್ದೇನೆ. ಒಂದು ಪ್ರತಿ ಅವನ ಅಂಗಡಿಯ ವಿಳಾಸಕ್ಕೂ. ಅವನು ಅದನ್ನು ಓದಿ ಏನಾದರೂ ಕೊಂಕು ಆಡುತ್ತಾನೆ. ಆಡಲಿ.

ಅವ್ವನಿಗೆ ಪತ್ರ ಓದಿ ಹೇಳಿದೆ. ಕೇಳಿಸಿಕೊಂಡಳು, ಎಂದಿನಂತೆ ನಡುವೆ ಬಾಯಿ ಹಾಕಲಿಲ್ಲ. "ಮತ್ತೆ ಏಪ್ರಿಲ್ ಆದ್ಮೇಲೆ ಎಂತ ಮಾಡ್ತೆ?" ಎಂದಳು. ಗೊತ್ತಿಲ್ಲ ಎಂದೆ. "ಆತು" ಎಂದು ಎದ್ದು ಹಾಲು ಕಾಯಿಸಲು ಹೋದಳು.

ಅಂಚೆ ಕಚೇರಿಗೆ ಹೋಗಿ ವಿಚಾರಿಸಿದೆ. ರಿಜಿಸ್ಟರ್ ಎಂದು ಬೇರೆ ಈಗಿಲ್ಲವಂತೆ, ಸ್ಪೀಡ್ ಪೋಸ್ಟಿಗೇ ಸೇರಿಸಿದ್ದಾರೆ. ಸಹಿ ಪಡೆದೇ ಕೊಡುತ್ತಾರೆ. ಊರೊಳಗೇ ಆದ್ದರಿಂದ ಶುಕ್ರವಾರ ಹಾಕಿದರೆ ಸೋಮವಾರದೊಳಗೆ ಖಂಡಿತ ಮುಟ್ಟುತ್ತದೆ ಎಂದರು. ಸಭೆ ಬುಧವಾರ. ಲಕೋಟೆ ಕೈಯಲ್ಲೇ ಇತ್ತು, ಆದರೂ ಇವತ್ತು ಹಾಕದೆ ತಂದೆ. ಯಾಕೆಂದು ಕೇಳಿಕೊಂಡೆ. ಪತ್ರದ ತಲೆಯಲ್ಲಿ ತಾರೀಖಿನ ಜಾಗ ಖಾಲಿ ಬಿಟ್ಟು ಮುದ್ರಿಸಿದ್ದೆ. ಖಾಲಿ ಇದ್ದರೆ ಅದು ಯಾವ ದಿನವೂ ಆಗಬಹುದು, ಸಭೆ ಮುಗಿದ ಮರುದಿನ ಹದಿನೆಂಟೂ ಆಗಬಹುದು.

ಈಗ ಲಕೋಟೆ ಬಿಚ್ಚಿ ಆ ಜಾಗದಲ್ಲಿ ಪೆನ್ನಿನಿಂದ ನಾಳೆಯ ತಾರೀಖು ತುಂಬಿದೆ. ಶಾಯಿ ಒಣಗಲೆಂದು ತೆರೆದಿಟ್ಟಿದ್ದೇನೆ.

12 ಡಿಸೆಂಬರ್ 2025, ಶುಕ್ರವಾರ.